ಕೊಂಡ ಕೂಸು

"ಈಗ ಬಚ್ಚಾ ನಂದು," ಎಂದು ಬೇಚನಿ ಒಂದು ಹಿಡಿ ತೌಡನ್ನು ಶಿವಗಂಗಾಳ ಸೆರಗಿಗೆ ಸುರಿದು ಕೂಸನ್ನು ಎತ್ತಿಕೊಂಡಳು. "ಬಚ್ಚಾ ಅನ್ನ ತಿನ್ನೋವರೆಗೂ ನೀನು 'ನಂದು' ಹೇಳ್ಬಾರ್ದು. ಹೇಳಿದ್ರೆ ಹೋಗ್ತದೆ."

ಎಲ್ಲಿಗೆ ಹೋಗುತ್ತದೆಂದು ಶಿವಗಂಗಾ ಕೇಳಲಿಲ್ಲ. ಸಿಂದಗಿ ಕಡೆಯಿಂದ ದಾಸರಹಳ್ಳಿಯ ಈ ವಠಾರಕ್ಕೆ ಬಂದ ಮೇಲೆ ಎರಡು ಕೂಸುಗಳನ್ನು ಮಣ್ಣಿಗಿಟ್ಟಿದ್ದಳು. ಎರಡಕ್ಕೂ ಚೆಂದದ ಹೆಸರಿದ್ದವು. ಮೂರನೆಯದಕ್ಕೆ ಹೆಸರಿಡಲು ಬಾಯೇ ಬರಲಿಲ್ಲ. ಊರಲ್ಲಾದರೆ ತಿಪ್ಪವ್ವ ಎಂದು ಕರೆಯುತ್ತಿದ್ದರು, ಕಸವೆಂದು ಸಾವು ಬಿಟ್ಟುಹೋಗಲಿ ಅಂತ. ಅವಳ ಅತ್ತೆಯಂತೂ ತೊಟ್ಟಿಲಲ್ಲೇ ಮುದುಕವ್ವ ಆಗಿದ್ದಳು. ಪಕ್ಕದ ಕೋಣೆಯ ಬೇಚನಿ ಬಿಹಾರದವಳು. ಬೇಚನಿ ಎಂದರೆ ಮಾರಾಟವಾದವಳು. ಅಕ್ಕಂದಿರೆಲ್ಲ ತೀರಿಕೊಂಡ ಮೇಲೆ ಹುಟ್ಟಿದ ಅವಳನ್ನು ತಾಯಿ ಸೂಲಗಿತ್ತಿಗೆ ಹಿಡಿ ತೌಡಿಗೆ ಮಾರಿದ್ದಳಂತೆ. ಇದು ಇನ್ಯಾರದೋ ಕೂಸೆಂದು ಸಾವು ಹಿಂದಿರುಗಿತಂತೆ.

ಆ ದಿನಗಳಲ್ಲಿ ಎಲ್ಲರ ಫೋನಿನಲ್ಲೂ ಒಂದೇ ಸುದ್ದಿ: ಉತ್ತರದಿಂದ ಮಕ್ಕಳ ಕಳ್ಳರು ಬಂದಿದ್ದಾರೆ. ಕೂಸನ್ನು ಮಾರಿ ಎರಡು ದಿನವಾಗಿರಲಿಲ್ಲ, ಸಂಜೆ ಕೂಸು ರಚ್ಚೆ ಹಿಡಿಯಿತೆಂದು ಬೇಚನಿ ಅದನ್ನೆತ್ತಿಕೊಂಡು ಬೀದಿ ಕಡೆ ಹೋದಳು. ನಲ್ಲಿಯ ಮುಂದೆ ಬಟ್ಟೆ ಜಾಲಿಸುತ್ತಿದ್ದ ಶಿವಗಂಗಾಳಿಗೆ ಕೂಗಾಟ ಕೇಳಿಸಿತು. ಒದ್ದೆ ಕೈಯಲ್ಲೇ ಓಡಿದಳು.

ಬೇಕರಿ ಮುಂದೆ ಜನ ಮುತ್ತಿದ್ದರು.

"ಯಾರ್ ಮಗು ಅದು?"

"ನಂದು," ಎಂದಳು ಬೇಚನಿ.

"ನಿಂದಾ? ಹೆಸ್ರೇನು ಹೇಳು ನೋಡೋಣ!"

"ಹೆಸರು ಇಲ್ಲ."

"ಕೇಳುದ್ರಾ? ಹೆತ್ತ ಮಗೂಗೆ ಹೆಸ್ರಿಲ್ವಂತೆ! ಎಲ್ಲಿಂದ ತಂದೆ, ಹೇಳು!"

ಹೆದರಿಕೆಗೆ ಬೇಚನಿಯ ಬಾಯಲ್ಲಿ ನಿಜವೇ ಬಂತು. "ಖರೀದಾ. ಕೊಂಡ್ಕೊಂಡೆ."

ಮೊದಲ ಏಟು ಯಾರದೆಂದು ತಿಳಿಯಲಿಲ್ಲ. ಬೇಚನಿ ಮಂಡಿಯೂರಿ, ಕೂಸನ್ನು ಹೊಟ್ಟೆಗವಚಿಕೊಂಡು ಬೆನ್ನು ಕೊಟ್ಟಳು. ಹೆಲ್ಮೆಟ್ಟೊಂದು ಮೇಲೆದ್ದು ಕೆಳಗಿಳಿಯಿತು. ಕಾಲುಗಳ ಸಂದಿಯಿಂದ ಅವಳ ಕಣ್ಣು ಶಿವಗಂಗಾಳನ್ನು ಹುಡುಕಿ ಹಿಡಿಯಿತು. ತುಟಿ ಒಡೆದು ರಕ್ತ ಇಳಿಯುತ್ತಿತ್ತು. ಬೇಚನಿ ಬೇಡವೆಂದು ತಲೆಯಾಡಿಸಿದಳು. ಹೇಳಬೇಡ.

ಆ ಎರಡು ಸಣ್ಣ ಗುಂಡಿಗಳು, ಅವುಗಳ ಮೇಲೆ ಗಂಡ ಈಶಪ್ಪ ಹೇರಿದ್ದ ಕಲ್ಲುಗಳು ಶಿವಗಂಗಾಳ ಕಣ್ಣಿಗೆ ಕಟ್ಟಿದವು. ಹೆಲ್ಮೆಟ್ಟು ಮತ್ತೆ ಮೇಲೆದ್ದಿತು.

"ನಂದೈತಿ!" ಎಂದು ಚೀರುತ್ತ ಅವಳು ಜನರನ್ನು ಸೀಳಿ ನುಗ್ಗಿದಳು. "ಬಿಡ್ರೋ ಯಪ್ಪಾ, ಕೂಸು ನಂದೈತಿ! ನಾನಾ ಹಡದೀನಿ, ನಾನಾ ಕೊಟ್ಟೀನಿ ಆಕಿ ಕೈಯಾಗ!"

ವಠಾರದ ಓನರ್ ನಾಗಲಕ್ಷ್ಮಮ್ಮ ಓಡಿಬಂದು ಹೌದೆಂದಳು. ಜನ ಗೊಣಗುತ್ತ ಚದುರಿದರು. "ಮೊದ್ಲೇ ಹೇಳೋದಲ್ವೇನಮ್ಮಾ," ಎಂದು ಒಬ್ಬ ಹೆಲ್ಮೆಟ್ ಒರೆಸಿಕೊಂಡು ಗಾಡಿ ಹತ್ತಿದ.

ಇಬ್ಬರೂ ಕೋಣೆಗೆ ಬಂದು ಕದವಿಕ್ಕಿದರು. ಶಿವಗಂಗಾ ಕೂಸಿನ ಮೂಗಿನ ಹತ್ತಿರ ಬೆರಳಿಟ್ಟು ನೋಡಿದಳು. ತೆಗೆದಳು. ಮತ್ತೆ ಇಟ್ಟಳು. ಕೊನೆಗೆ ಅದನ್ನು ಎರಡೂ ಕೈಯಲ್ಲಿ ಮುಂದೆ ಚಾಚಿದಳು.

"ತಗೋ ಯಕ್ಕಾ. ಇನ್ನೊಮ್ಮೆ ತಗೋ."

ಬೇಚನಿ ಕೂಸನ್ನು ನೋಡಿದಳು, ಚಿಲಕ ಹಾಕಿದ ಬಾಗಿಲನ್ನು ನೋಡಿದಳು. ಆಮೇಲೆ ಮೆಲ್ಲಗೆ ಎರಡೂ ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡಳು. ಇಬ್ಬರ ನಡುವೆ, ಚಾಚಿದ ಕೈಗಳ ಮೇಲೆ, ಕೂಸು ಕಾಲು ಬಡಿಯುತ್ತಿತ್ತು.