ಮೇಷ್ಟ್ರ ಒಂದು ಮಾತು

ಗಾಜಿನ ಗೋಡೆಯಾಚೆ ಹುಡುಗಿ ಸೇತುವೆಯ ಉಕ್ಕಿನ ಮಾದರಿಯ ಮೇಲೆ ಅಂಗೈ ಇಟ್ಟು ಅದರ ನಡುಕ ನೋಡುತ್ತಿದ್ದಳು. ಈಚೆ ಅವಳ ಪ್ರೊಫೆಸರು, ಎಲ್ಲರ ಬಾಯಲ್ಲೂ ಬರೀ ಮೇಷ್ಟ್ರು, ಟೀ ಕುಡಿಯುತ್ತ ಫೋನಿನಲ್ಲಿದ್ದರು. ಗಣಿತದಲ್ಲಿ ಡಾಕ್ಟರೇಟ್ ಪಡೆದು ವರ್ಷಗಳೇ ಆಗಿದ್ದರೂ ಆ ಎಂಜಿನಿಯರಿಂಗ್ ಪ್ರಯೋಗಾಲಯದಲ್ಲಿ ಆಕೆ ಇನ್ನೂ ‘ಹುಡುಗಿ’ಯೇ. ಕೆಲಸವೂ ವರ್ಷವರ್ಷಕ್ಕೆ ಮುಂದುವರಿಸುವ ತಾತ್ಕಾಲಿಕದ್ದೇ.

ಫೋನಿನಲ್ಲಿದ್ದವರು ಬೇರೊಂದು ವಿಶ್ವವಿದ್ಯಾಲಯದ ವಿಭಾಗದ ಮುಖ್ಯಸ್ಥರು. “ಕಾಯಂ ಹುದ್ದೆ ಕಣ್ರೀ. ನಿಮ್ಮ ಹುಡುಗಿ ಸಂದರ್ಶನದಲ್ಲಿ ಚೆನ್ನಾಗೇ ಮಾಡಿದ್ಲು. ನೀವೊಂದು ಮಾತು ಹೇಳಿದ್ರೆ ಮುಗೀತು.”

ಮೇಷ್ಟ್ರು ಗಾಜಿನಾಚೆ ನೋಡಿದರು. ಅವಳು ಹೋದರೆ ಆ ಮಾದರಿಯನ್ನು ಮುಟ್ಟುವವರಿಲ್ಲ. ಅರ್ಧಕ್ಕೆ ಬಂದ ಯೋಜನೆ ಮೂಲೆ ಸೇರುತ್ತದೆ. “ಒಳ್ಳೆ ಹುಡುಗಿ. ಆದ್ರೆ ಇನ್ನೊಂದು ವರ್ಷ ಪಳಗ್ಲಿ ಅನ್ಸತ್ತೆ,” ಎಂದರು.

ಮೇಷ್ಟ್ರು ಕೆಟ್ಟವರಲ್ಲ. ಹೋದಲ್ಲೆಲ್ಲ ಅವಳನ್ನು ಬಾಯ್ತುಂಬ ಹೊಗಳುವವರೇ. ಕೆಲಸ ಕೊಟ್ಟು ಕರೆದುಕೊಂಡು ಹೋಗಲು ಯಾರಾದರೂ ಬಂದಾಗ ಮಾತ್ರ ಹೊಗಳಿಕೆಗೆ ಒಂದು ‘ಆದ್ರೆ’ ಅಂಟಿಕೊಳ್ಳುತ್ತಿತ್ತು. ಹಾಲು ಕರೆಯುವ ಹಸುವನ್ನು ಯಾರಾದರೂ ಮಾರಿಯಾರೆ? ಅವಳ ಒಳ್ಳೆಯದಕ್ಕೇ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡಿದ್ದರು.

ಎರಡು ದಿನ ಬಿಟ್ಟು ಅವಳು ಅವರ ಬಾಗಿಲಲ್ಲಿ ನಿಂತಳು. ಕಣ್ಣು ಕೆಂಪಾಗಿತ್ತು.

“ಆಗ್ಲಿಲ್ಲ ಸರ್. ಇನ್ನೂ ಪಳಗ್ಬೇಕಂತೆ.”

“ಹೋಗ್ಲಿ ಬಿಡಮ್ಮ. ಇಲ್ಲಿ ನಿಂಗೇನು ಕಡಿಮೆ ಆಗಿದೆ?”

“ಮುಂದಿನ ವರ್ಷ ಕೆಲಸ ಇರತ್ತೋ ಇಲ್ವೋ ಗೊತ್ತಿಲ್ಲ. ಒಂದು ಮನೆ ಹಿಡಿಯೋಕೂ ಧೈರ್ಯ ಸಾಲ್ದು. ಮಗಳು ಇನ್ನೂ ನಮ್ಮಮ್ಮನ ಹತ್ರಾನೇ ಬೆಳೀತಿದಾಳೆ.” ಆಮೇಲೆ ಕೇಳಿದಳು: “ಒಂದು ಉಪಕಾರ ಮಾಡಿ ಸರ್. ನಾನು ಎಲ್ಲಿ ಕಡಿಮೆ ಬೀಳ್ತಿದೀನಿ? ನೀವು ಹೇಳಿದ್ರೆ ತಿದ್ಕೋತೀನಿ.”

ಮೇಷ್ಟ್ರು ಬಾಯಿ ತೆರೆದರು. ತಪ್ಪೊಂದನ್ನು ಹುಡುಕಿದರು. ಇಷ್ಟು ವರ್ಷದಲ್ಲಿ ಅವಳ ಒಂದು ಲೆಕ್ಕವೂ ದಾರಿ ತಪ್ಪಿದ್ದು ನೆನಪಾಗಲಿಲ್ಲ. ನಂಬಿದವಳ ಕುತ್ತಿಗೆ ಕೊಯ್ದೆನಲ್ಲ ಎಂದು ನಾಚಿಕೆಯಾಯಿತು. ತಲೆ ಎತ್ತಲಾಗಲಿಲ್ಲ.

ಅವಳೆದುರೇ ಮುಖ್ಯಸ್ಥರಿಗೆ ಫೋನ್ ಮಾಡಿದರು. “ಹುದ್ದೆ ಬೇರೆಯವರಿಗೆ ಕೊಟ್ಬಿಟ್ರಾ? ಇಲ್ವಾ? ಹಾಗಾದ್ರೆ ಕೇಳಿ, ಮೊನ್ನೆ ನಾನು ಹೇಳಿದ್ದು ಸುಳ್ಳು. ಅವಳಲ್ಲಿ ಯಾವ ಕೊರತೆನೂ ಇಲ್ಲ. ಅವಳು ಹೋದ್ರೆ ನನ್ನ ಕೈ ಮುರಿದ ಹಾಗಾಗತ್ತೆ ಅಂತ ಹಾಗಂದೆ.”

ಆ ಕಡೆಯವರು ಬಹಳ ಹೊತ್ತು ಮಾತಾಡಿದರು. “ಆಗ್ಲಿ,” ಎಂದರು ಮೇಷ್ಟ್ರು. “ಆಯ್ಕೆ ಸಮಿತಿ ಮುಂದೆ ನಾನೇ ಬಂದು ಹೇಳ್ತೀನಿ. ಇವತ್ತೇ ಬರ್ತೀನಿ.”

ಅವಳು ಅವರನ್ನೇ ನೋಡುತ್ತಿದ್ದಳು. “ಹೋದ ವರ್ಷ ಆಗ್ಲಿಲ್ವಲ್ಲ ಸರ್, ಅದೂ ನೀವೇನಾ?”

“ಹೌದಮ್ಮ. ಅದರ ಹಿಂದಿನ ವರ್ಷಾನೂ.”

ಅವಳು ಬಯ್ಯಲಿಲ್ಲ, ಅಳಲೂ ಇಲ್ಲ. “ಮೊದ್ಲೆಲ್ಲ ‘ಯಾವಾಗ ಕರ್ಕೊಂಡು ಹೋಗ್ತೀಯ’ ಅಂತ ದಿನಾ ಕೇಳೋಳು ಸರ್ ನನ್ನ ಮಗಳು,” ಎಂದಳು. “ಈಗ ಕೇಳೋದೇ ಬಿಟ್ಟಿದಾಳೆ.”

ಮೇಷ್ಟ್ರು ಎದ್ದರು. ಕೋಟು ಎತ್ತಿಕೊಂಡು, ಸಮಿತಿಯವರ ಮುಂದೆ ತಪ್ಪೊಪ್ಪಿಕೊಳ್ಳಲು ಹೊರಟರು.