ಚಿನ್ನದ ಕಿವಿ

"ಗದ್ದ ಸ್ವಲ್ಪ ಮೇಲಕ್ಕೆ ಹಿಡೀತೀರಾ ಅತ್ತಿಗೆ?"

ಅವಳು ಬಿಸಿನೀರಿನ ಬಟ್ಟಲನ್ನು ಸ್ಟೂಲಿನ ಮೇಲಿಟ್ಟು, ಎರಡು ಬೆರಳಿನಿಂದ ಗಂಡನ ಗದ್ದವನ್ನು ಎತ್ತಿ ಹಿಡಿದಳು. ಕ್ಷೌರದಂಗಡಿಯ ಗೆಳೆಯ ನೊರೆಯ ಮೇಲೆ ಕತ್ತಿಯನ್ನು ಹಗುರವಾಗಿ ಎಳೆದ. ಚಿಕ್ಕಂದಿನಿಂದ ಜತೆಗಿದ್ದವನು. ಸತ್ತ ಮೇಲೆ ಈ ಮುಖವನ್ನು ಬೇರೆಯವರು ಮುಟ್ಟಬಾರದೆಂದು ಬೆಳಗ್ಗೆಯೇ ಪೆಟ್ಟಿಗೆ ಹಿಡಿದುಕೊಂಡು ತಾನೇ ಬಂದಿದ್ದ. ಕೈ ನಿಂತಿರಲಿಲ್ಲ. ಬಾಯಿಯೂ ನಿಂತಿರಲಿಲ್ಲ. ಕತ್ತಿ ಕೈಗೆ ಬಂದಮೇಲೆ ಸುಮ್ಮನಿರುವುದು ಅವನ ಜಾಯಮಾನದಲ್ಲೇ ಇಲ್ಲ.

"ಈ ಕಿವಿ ಮೇಲಿನ ಕೂದಲು ನೋಡಿ. ಕತ್ತರಿ ಹಾಕಿದಾಗಲೆಲ್ಲ ಹೇಳೋನು, ಹುಷಾರು ಕಣೋ, ಅದು ಚಿನ್ನ ಅಂತ."

ಅವಳ ಗಂಡನನ್ನು ಎಲ್ಲರೂ ಕರೆಯುತ್ತಿದ್ದದ್ದೇ ಚಿನ್ನದ ಕಿವಿ ಎಂದು. ಲಿಫ್ಟ್ ರಿಪೇರಿಯವನು. ಲಿಫ್ಟಿನೊಳಗೆ ಕಣ್ಣು ಮುಚ್ಚಿ ನಿಂತರೆ ಯಾವ ಗಾಲಿ ಸವೆದಿದೆ, ಯಾವ ಹಗ್ಗ ಹಳೆಯದಾಗಿದೆ ಎಂದು ಸದ್ದಿನಲ್ಲೇ ಹೇಳುತ್ತಾನೆಂದು ಕೆಲಸದವರು ಇಟ್ಟ ಹೆಸರು. ಆದರೆ ಅದು ಊರಿಗೆಲ್ಲ ಹಬ್ಬಿದ್ದು ಹಾಡಿನಿಂದ. ವರ್ಷವಿಡೀ ಹೊಸ ಆಲ್ಬಂಗಳನ್ನು ತಂದು ತಂದು ಕೇಳುತ್ತಿದ್ದ. ವರ್ಷದ ಕೊನೆಯ ಭಾನುವಾರ ಗೆಳೆಯರನ್ನು ಕರೆದು, ತನಗೆ ಮೆಚ್ಚಿಗೆಯಾದ ಹತ್ತನ್ನು ಆರಿಸಿ, ಹತ್ತನೆಯದರಿಂದ ಶುರುಮಾಡಿ ಒಂದೊಂದಾಗಿ ಕೇಳಿಸುತ್ತಿದ್ದ. ಮೊದಲನೆಯದು ಬರುವ ಹೊತ್ತಿಗೆ ಯಾರೂ ಉಸಿರೆತ್ತುತ್ತಿರಲಿಲ್ಲ. ಅವನು ಮೊದಲನೆಯದೆಂದು ಹೇಳಿದ್ದು ಒಂದೆರಡು ವರ್ಷದಲ್ಲಿ ಎಲ್ಲರ ಬಾಯಲ್ಲೂ ಇರುತ್ತಿತ್ತು. ಹಾಗಾಗಿ ಪತ್ರಿಕೆಯವರೂ ಅವನನ್ನು ಹುಡುಕಿಕೊಂಡು ಬರಲು ಶುರುಮಾಡಿದ್ದರು.

ಗೋಡೆಯ ಉದ್ದಕ್ಕೂ ಕಪಾಟುಗಳು. ಕಪಾಟಿನ ತುಂಬ ರೆಕಾರ್ಡು, ಕ್ಯಾಸೆಟ್ಟು, ಸೀಡಿ. ಅವುಗಳ ನಡುವೆ ಮಂಚದ ಮೇಲೆ ಅವನು. ಕಪಾಟಿನ ಹತ್ತಿರ ಅವನ ಇನ್ನೊಬ್ಬ ಗೆಳೆಯ ಡ್ರಾಯಿಂಗ್ ಮೇಷ್ಟ್ರು ಎರಡು ರೆಕಾರ್ಡು ಹಿಡಿದು ಕೂತಿದ್ದರು. ಒಂದು, ಹೊಸ ಹುಡುಗಿಯೊಬ್ಬಳು ಬರೀ ಗಿಟಾರ್ ಇಟ್ಟುಕೊಂಡು ಹಾಡಿದ್ದು. ಇನ್ನೊಂದು, ವಯಸ್ಸಾದ ಪಿಟೀಲುಗಾರನ ಹೊಸ ಆಲ್ಬಂ.

"ಈ ವರ್ಷದ್ದು ಈ ಎರಡರಲ್ಲಿ ಒಂದು ಅಂತ ಹೇಳಿದ್ದ," ಎಂದರು ಮೇಷ್ಟ್ರು. "ಯಾವುದು ಅಂತ ಹೇಳದೇನೇ ಹೋದನಲ್ಲ. ಚಿತಾಗಾರದಲ್ಲಿ ಒಂದು ಹಾಡಿಗೆ ಅವಕಾಶ ಕೊಡ್ತಾರಂತೆ. ಯಾವುದು ಹಾಕೋದು?"

"ಅದಕ್ಕ್ಯಾಕೆ ತಲೆ ಕೆಡಿಸ್ಕೊಳ್ತೀರಿ? ಅತ್ತಿಗೇನ ಕೇಳಿ," ಎಂದ ಕ್ಷೌರಿಕ.

"ನನ್ನನ್ನೇ?" ಎಂದಳು ಅವಳು. "ನನಗೇನು ಗೊತ್ತು ಹಾಡಿನ ವಿಷಯ?"

ಕತ್ತಿ ಕೆನ್ನೆಯ ಮೇಲೆ ನಿಂತಿತು. ಕ್ಷೌರಿಕ, ಮಲಗಿದ್ದ ಗೆಳೆಯನ ಮುಖವನ್ನೊಮ್ಮೆ ನೋಡಿ, ಅನುಮತಿ ಕೇಳುವವನಂತೆ ತಲೆಯಾಡಿಸಿದ. "ಕ್ಷಮಿಸಪ್ಪಾ. ಇನ್ನು ಹೇಳಿದರೆ ತಪ್ಪಿಲ್ಲ." ಆಮೇಲೆ ಅವಳ ಕಡೆ ತಿರುಗಿದ. ಕಣ್ಣಲ್ಲಿ ನೀರೂ ಇತ್ತು, ನಗುವೂ ಇತ್ತು. "ಅತ್ತಿಗೆ, ಮೊದಲನೇದನ್ನ ಯಾವ ವರ್ಷವೂ ಅವನು ಆರಿಸಲಿಲ್ಲ. ನೀವೇ ಆರಿಸಿದ್ದು."

"ಏನಂದ್ರಿ?"

"ಹೊಸದೇನೇ ತಂದರೂ ನಾಲ್ಕೈದು ದಿನ ಮನೇಲಿ ಹಾಕಿ ಬಿಡೋನು. ಆಮೇಲೆ ನಿಲ್ಲಿಸಿ, ಅಡುಗೆಮನೆ ಕಡೆ ಕಿವಿ ಇಟ್ಟು ಕೂರೋನು. ನೀವು ಪಾತ್ರೆ ತೊಳೀತಾ, ತರಕಾರಿ ಹೆಚ್ತಾ ಯಾವುದನ್ನ ಗುನುಗ್ತೀರೋ ಅದು ಉಳೀತು. ವರ್ಷದ ಕೊನೇಲೂ ಯಾವುದು ನಿಮ್ಮ ಬಾಯಲ್ಲಿ ಇರುತ್ತೋ ಅದೇ ಮೊದಲನೇದು. ಒಂದು ಸಲವೂ ತಪ್ಪಲಿಲ್ಲ. ನನ್ನ ಕೈಲಿ ಆಣೆ ಹಾಕಿಸಿದ್ದ, ಯಾರಿಗೂ ಹೇಳ್ಬಾರದು ಅಂತ."

ಮೇಷ್ಟ್ರ ಬಾಯಿ ತೆರೆದೇ ಇತ್ತು. ಬಾಗಿಲಲ್ಲಿ ನಿಂತು ವ್ಯಾನಿನವನ ಜತೆ ಫೋನಿನಲ್ಲಿದ್ದ ಮಗಳು ಕರೆ ಕತ್ತರಿಸಿ ಒಳಗೆ ಬಂದಳು. "ಅಮ್ಮಾ! ಅಪ್ಪ ನಿನ್ನನ್ನ ಅಷ್ಟು ಕಿವಿಗೊಟ್ಟು ಕೇಳ್ತಿದ್ರಾ?" ಎಂದು ತಾಯಿಯ ಭುಜಕ್ಕೆ ತಲೆಯಿಟ್ಟು ಅತ್ತುಬಿಟ್ಟಳು.

ಅವಳಿಗೂ ಒಂದು ಕ್ಷಣ ಎದೆಯಲ್ಲಿ ಏನೋ ಬೆಚ್ಚಗೆ ಹರಿಯಿತು. ತಾನು ಗುನುಗುತ್ತಿದ್ದೆನೇ? ಅದೂ ಗೊತ್ತಿರಲಿಲ್ಲ. ಹಾಗಾದರೆ ನನಗೂ ಕಿವಿ ಇತ್ತು ಎಂದುಕೊಂಡಳು. ಅಂದುಕೊಂಡ ಮರುಗಳಿಗೆಯೇ ಗದ್ದ ಹಿಡಿದಿದ್ದ ಬೆರಳುಗಳು ತಾವಾಗಿ ಸಡಿಲವಾದವು.

"ಹಿಡ್ಕೊಳ್ಳಿ ಅತ್ತಿಗೆ," ಎಂದ ಕ್ಷೌರಿಕ. "ಇನ್ನೊಂದೇ ಎಳೆತ."

*

ಮದುವೆಯಾದ ಹೊಸದರಲ್ಲಿ ಅವಳು ಶರ್ಟು ಹೊಲಿಯುವ ಕಾರ್ಖಾನೆಯಲ್ಲಿ ಕಾಲರ್ ಹಚ್ಚುತ್ತಿದ್ದಳು. ಮುಂದಿನ ಸಾಲಿನಲ್ಲಿ ಕೂರುತ್ತಿದ್ದ ಹಿರಿಯಳನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಆ ಅಕ್ಕ ಸಂಜೆ ಹೊತ್ತು ಹೆಂಗಸರನ್ನು ಸೇರಿಸಿಕೊಂಡು, ಅಂಚೆ ಕಚೇರಿಯ ಮಹಡಿಯಲ್ಲಿ ಹಾಡು ಕಲಿಸುತ್ತಿದ್ದಳು. ಒಂದು ದಿನ ಮಿಷನ್ನು ನಿಲ್ಲಿಸಿ ಹಿಂದೆ ತಿರುಗಿದಳು.

"ಯಾರೇ ಅದು ಹಾಡ್ತಿರೋದು? ನೀನಾ? ಇಷ್ಟು ಗಲಾಟೇಲೂ ನಿನ್ನ ಶ್ರುತಿ ಅಲ್ಲಾಡಲ್ಲವಲ್ಲೇ. ಸೋಮವಾರದಿಂದ ಬಾ. ನಿನ್ನಂಥೋಳು ಒಬ್ಬಳು ಬೇಕಿತ್ತು ನಮಗೆ."

ಅವಳು ಆ ದಿನ ಮನೆಗೆ ನಡೆದು ಬರಲಿಲ್ಲ, ತೇಲಿಕೊಂಡು ಬಂದಳು. ಗಂಡ ರೆಕಾರ್ಡೊಂದನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸುತ್ತಿದ್ದ. ಅವಳು ಹೇಳಿದ್ದನ್ನು ಕೇಳಿ ಒರೆಸುವುದನ್ನು ನಿಲ್ಲಿಸಿದ.

"ನಾಲ್ಕು ದಿನ ಯೋಚನೆ ಮಾಡಿ ಹೇಳ್ತೀನಿ," ಎಂದ.

ಭಾನುವಾರ ಬೆಳಗ್ಗೆ ಅವನೇ ಕರೆದ. "ಎಲ್ಲಿ, ಹಾಡು ನೋಡೋಣ."

ಅವಳು ಇದೇ ಕೋಣೆಯ ನಡುವೆ ಬೆರಳು ಬೆರಳು ಹೆಣೆದುಕೊಂಡು ನಿಂತು ಹಾಡಿದಳು. ಅವನು ಲಿಫ್ಟಿನೊಳಗೆ ನಿಂತಂತೆ ಕಣ್ಣು ಮುಚ್ಚಿ ಕೇಳಿದ. ಹಾಡು ಮುಗಿದ ಮೇಲೆ ಕಣ್ಣು ಬಿಟ್ಟ.

"ಬೇಜಾರು ಮಾಡ್ಕೋಬೇಡ ಕಣೇ. ಗಂಟಲೇನೋ ಪರವಾಗಿಲ್ಲ. ಆದರೆ ನಿನಗೆ ಕಿವಿ ಇಲ್ಲ."

"ಕಿವಿ ಇಲ್ಲ ಅಂದ್ರೆ?"

"ಶ್ರುತಿ ಒಂದು ಕಡೆ, ನೀನೊಂದು ಕಡೆ. ಮನೇಲಾದ್ರೆ ಆಗುತ್ತೆ. ನಾಲ್ಕು ಜನರ ಮಧ್ಯೆ ಹಾಡಿದರೆ ಅವರದ್ದೂ ಕೆಡುತ್ತೆ. ಎದುರಿಗೆ ಯಾರೂ ಹೇಳಲ್ಲ, ಹಿಂದೆ ನಗ್ತಾರೆ. ಅದು ನನಗೆ ಬೇಕಾ?" ಎಂದು ಅವಳ ಮುಂದಲೆಯ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿದ. ಅಷ್ಟು ಮೃದುವಾಗಿ ಅವನು ಮಾತಾಡಿದ್ದು ಕಡಿಮೆ.

ಚಿನ್ನದ ಕಿವಿಯವನು ಹೇಳಿದ ಮೇಲೆ ಕೇಳುವುದಕ್ಕೇನಿದೆ? ಮನೆಯಲ್ಲಿ ಪುರುಸೊತ್ತಿಲ್ಲ ಎಂದು ಅಕ್ಕನಿಗೆ ಹೇಳಿದಳು. ಅಕ್ಕ ಆಮೇಲೆಯೂ ಕರೆದಳು. ಅವಳು ಕೂರುವ ಸಾಲನ್ನೇ ಬದಲಿಸಿಕೊಂಡಳು. ಗಟ್ಟಿಯಾಗಿ ಹಾಡುವುದು ಅಲ್ಲಿಗೆ ನಿಂತಿತು. ಮಗಳಿಗೆ ಜೋಗುಳ ಹಾಡಬೇಕಾದಾಗಲೂ, ತನ್ನ ಕೆಟ್ಟ ಶ್ರುತಿ ಮಗುವಿಗೆ ಅಂಟೀತೆಂದು, ಗಂಡನನ್ನು ಕರೆದು ರೇಡಿಯೋ ಹಚ್ಚಿಸುತ್ತಿದ್ದಳು. ವರ್ಷದ ಕೊನೆಯ ಭಾನುವಾರಗಳಲ್ಲಿ ಗೆಳೆಯರಿಗೆ ಕಾಫಿ ಕೊಟ್ಟು ಅಡುಗೆಮನೆಗೆ ಹಿಂತಿರುಗಿ ಬಾಗಿಲು ಓರೆ ಮಾಡಿಕೊಳ್ಳುತ್ತಿದ್ದಳು. ಅದು ಕಿವಿ ಇದ್ದವರ ಕೋಣೆ.

ಒಮ್ಮೆ ಅವನನ್ನು ರೇಡಿಯೋದವರು ಮಾತಾಡಿಸಿದ್ದರು. ಮೊದಲನೆಯದು ಯಾವುದೆಂದು ಹೇಗೆ ಗೊತ್ತಾಗುತ್ತದೆ ಎಂದು ಕೇಳಿದಾಗ ಅವನು ನಕ್ಕು, "ಗೊತ್ತಾಗೋದೇನು ಬಂತು? ಕಿವಿ ಹೇಳುತ್ತೆ," ಎಂದಿದ್ದ. ಅವಳು ಪಕ್ಕದ ಮನೆಯವರನ್ನೆಲ್ಲ ಕರೆದು ಕೂರಿಸಿಕೊಂಡು ಅದನ್ನು ಕೇಳಿದ್ದಳು. ಹೆಮ್ಮೆಯಿಂದ ಕಣ್ಣು ತುಂಬಿ ಬಂದಿತ್ತು.

*

ವ್ಯಾನಿನಲ್ಲಿ ಅವನು ನಡುವೆ, ಈ ಕಡೆ ಅವಳು ಮತ್ತು ಮಗಳು, ಆ ಕಡೆ ಕ್ಷೌರಿಕ ಮತ್ತು ಮೇಷ್ಟ್ರು. ಸಿಗ್ನಲ್ಲಿನಲ್ಲಿ ನಿಂತಾಗ ಅವಳು ಕ್ಷೌರಿಕನನ್ನು ಕೇಳಿದಳು.

"ಯಾವಾಗಿನಿಂದ?"

"ಏನು ಅತ್ತಿಗೆ?"

"ನನ್ನ ಗುನುಗು ಕೇಳೋಕೆ ಶುರುಮಾಡಿದ್ದು."

"ಮದುವೆಯಾದ ಮೊದಲನೇ ವರ್ಷದಿಂದ್ಲೇ! ಆ ಸಲ ಯಾವುದನ್ನ ಮುಂದಿಡೋದು ಅಂತ ಗೊತ್ತಾಗದೆ ಒದ್ದಾಡ್ತಿದ್ದ. ನೀವು ಒಳಗೆ ಏನೋ ಗುನುಗಿದ್ರಿ, ಅದನ್ನೇ ಇಟ್ಟ. ನಾವೆಲ್ಲ ಚಪ್ಪಾಳೆ ತಟ್ಟಿದ್ವಿ."

"ಅಂದರೆ ನಾನು ಹಾಡಿನ ಗುಂಪಿಗೆ ಸೇರ್ತೀನಿ ಅಂತ ಕೇಳೋಕೆ ಮೊದಲೇ."

"ಅಯ್ಯೋ, ಅದೊಂದು ದೊಡ್ಡ ಕತೆ!" ಕ್ಷೌರಿಕ ಅವಳ ಮುಖ ನೋಡಲಿಲ್ಲ, ಹಳೆಯ ದಿನಗಳು ಎದುರಿಗೆ ಬಂದು ಅವನಿಗೆ ಬೇರೇನೂ ಕಾಣುತ್ತಿರಲಿಲ್ಲ. "ಆಗ ಅವನಿಗೆ ನಿದ್ದೇನೇ ಇಲ್ಲ. ಅಂಗಡಿಗೆ ಬಂದು ಕೂತ್ಕೊಂಡು, ಕೆಟ್ಟೆ ಕಣೋ, ಅವಳು ಹಾಡು ಕಲಿಯೋಕೆ ಹೊರಟಿದ್ದಾಳೆ ಅಂದ. ಕಲಿತರೆ ತಿಳ್ಕೊಂಡು ಕೇಳ್ತಾಳೆ, ತಿಳ್ಕೊಂಡು ಕೇಳೋಕೆ ನಾವೇ ಇದೀವಲ್ಲ, ಅವಳು ತಿಳೀದೇ ಗುನುಗಿದರೇನೇ ಅದು ಚಿನ್ನ, ಅಂತ. ಅದೂ ಅಲ್ದೆ ಸಂಜೆ ಹೊತ್ತು ನೀವು ಮನೇಲೇ ಇರಲ್ಲವಲ್ಲ, ಇನ್ನು ಗುನುಗೋದು ಯಾರು?"

"ನೀವೇನಂದ್ರಿ?"

"ನಾನು ತಮಾಷೆಗೆ ಅಂದೆ. ಕಿವಿ ಇಲ್ಲ ಅಂತ ಹೇಳಿಬಿಡೋ, ಅಷ್ಟೇ..."

ಮಾತು ಅಲ್ಲಿಗೆ ನಿಂತಿತು. ಅವನು ಈಗ ಅವಳ ಮುಖ ನೋಡಿದ್ದ. ವ್ಯಾನು ಹೊರಟಿತು. ಮೇಷ್ಟ್ರು ಕಿಟಕಿಯ ಕಡೆ ತಿರುಗಿ ಕೂತರು.

"ಅಕ್ಕನ ಗುಂಪಿನವರ ಕ್ಯಾಸೆಟ್ಟು ಬಂದ ವರ್ಷ," ಎಂದಳು ಅವಳು. "ಆ ವರ್ಷ ಮೊದಲನೇದು ಅದೇ ತಾನೆ?"

"ಹೌದು ಅತ್ತಿಗೆ."

ಆ ಭಾನುವಾರ ಅವಳಿಗೆ ಚೆನ್ನಾಗಿ ನೆನಪಿತ್ತು. ಅಕ್ಕನ ದನಿ, ಅದರ ಹಿಂದೆ ಹೆಂಗಸರೆಲ್ಲರ ದನಿ, ಹೊರಗೆ ಚಪ್ಪಾಳೆ. ಓರೆ ಬಾಗಿಲ ಹಿಂದೆ ನಿಂತು, ಸದ್ಯ, ನಾನಿದ್ದಿದ್ದರೆ ಎಲ್ಲ ಕೆಟ್ಟುಹೋಗುತ್ತಿತ್ತು ಎಂದುಕೊಂಡು ಸಮಾಧಾನದ ಉಸಿರು ಬಿಟ್ಟಿದ್ದಳು.

ನಡುವೆ ಮಲಗಿದ್ದವನ ಮುಖ ನುಣ್ಣಗೆ ಹೊಳೆಯುತ್ತಿತ್ತು. ಹೊದಿಕೆ ಸರಿದು ಅವನ ಕೈ ಹೊರಬಂದಿತ್ತು. ಬೆಳಗಿನಿಂದ ಎಷ್ಟು ಸಲ ಸರಿಮಾಡಿದ್ದಳೋ. ಈಗ ಮಾಡಲಿಲ್ಲ. ಮಗಳೇ ಬಗ್ಗಿ ಹೊದಿಸಿದಳು.

"ಅಮ್ಮ, ಅದು ಆವಾಗಿನ ಕಾಲ," ಎಂದಳು ಮಗಳು ಮೆಲ್ಲಗೆ. "ಅವರಿಗೆ ಹೇಳೋಕೆ ಬರ್ತಿರಲಿಲ್ಲ. ಆದರೆ ಪ್ರತಿ ವರ್ಷ ಮೊದಲನೇ ಜಾಗ ನಿನಗೇ ಕೊಟ್ಟರಲ್ಲ."

"ಯಾರಿಗೆ ಕೊಟ್ಟರು?" ಎಂದಳು ಅವಳು. "ನನ್ನ ಕಿವಿಗೆ ಹೂವಿಟ್ಟು, ಅವರ ಕಿವಿಗೆ ಚಿನ್ನ ಹಾಕ್ಕೊಂಡರು."

ಚಿತಾಗಾರದ ಹಾಲಿನಲ್ಲಿ ಜನ ಸೇರಿದ್ದರು. ಹಳೆಯ ಕೆಲಸಗಾರರು, ಓಣಿಯವರು, ಹಾಡಿನ ಹುಚ್ಚಿನವರು. ಅಲ್ಲಿಯ ಕೆಲಸದವನು ಬಂದು, ಹಾಡು ಹಾಕುವುದಿದ್ದರೆ ಈಗಲೇ ಹಾಕಿ, ಹೊರಗೆ ಇನ್ನೊಂದು ಗಾಡಿ ಬಂದಿದೆ ಎಂದ. ಮೇಷ್ಟ್ರು ಫೋನಿನಲ್ಲಿ ಎರಡೂ ಆಲ್ಬಂ ತೆಗೆದಿಟ್ಟು, ಸ್ಪೀಕರಿಗೆ ಜೋಡಿಸಿ, ಕಾಯುತ್ತ ನಿಂತರು. ಮಗಳು ಮುಂದೆ ಹೋಗಿ ತಂದೆಯ ಬಗ್ಗೆ ನಾಲ್ಕು ಮಾತಾಡಿದಳು. ವ್ಯಾನಿನಲ್ಲಿ ಕೇಳಿದ್ದನ್ನು ಬಿಟ್ಟಳು. ಬೆಳಗ್ಗೆ ಕೇಳಿದ್ದನ್ನು ಹೇಳಿದಳು. ಅಡುಗೆಮನೆಯ ಗುನುಗು ಎಂದಾಗ ಜನರೆಲ್ಲ ಕಣ್ಣೊರೆಸಿಕೊಂಡು ನಕ್ಕು ತಾಯಿಯ ಕಡೆ ತಿರುಗಿದರು. ಎಂಥ ಗಂಡ ಎಂದು ಯಾರೋ ಹಿಂದಿನಿಂದ ಅಂದರು.

"ಹೇಳಮ್ಮ," ಎಂದಳು ಮಗಳು. "ಈ ವರ್ಷದ ಮೊದಲನೇದು ಯಾವುದು?"

ಉತ್ತರ ಅವಳಿಗೆ ಗೊತ್ತಿತ್ತು. ಬೆಳಗ್ಗೆ ಮೇಷ್ಟ್ರ ಕೈಯಲ್ಲಿ ನೋಡಿದಾಗಲೇ ಗೊತ್ತಾಗಿತ್ತು. ಪಿಟೀಲುಗಾರ ಒಂದೇ ಸ್ವರದಲ್ಲಿ ತುಂಬ ಹೊತ್ತು ನಿಂತು, ಆಮೇಲೆ ಮನಸ್ಸಿಲ್ಲದೆ ಕೆಳಗಿಳಿಯುತ್ತಾನಲ್ಲ, ಆ ಜಾಗ.

"ನನಗೆ ಕಿವಿ ಇಲ್ಲ," ಎಂದಳು.

ಜನ ಮತ್ತೆ ನಕ್ಕರು.

"ನಿಮ್ಮಪ್ಪನೇ ಹೇಳಿದ್ದು. ಹಾಡು ಬೇಡ. ಹಾಗೇ ಕಳಿಸಿ."

ಈ ಸಲ ಯಾರೂ ನಗಲಿಲ್ಲ. ಕ್ಷೌರಿಕ ನೆಲ ನೋಡಿದ. ಮೇಷ್ಟ್ರು ಫೋನನ್ನು ಜೇಬಿಗೆ ಹಾಕಿಕೊಂಡರು. ಕೆಲಸದವನು ತಳ್ಳುಗಾಡಿಯನ್ನು ದೂಡಿದ. ಅದರ ಒಂದು ಗಾಲಿಗೆ ಎಣ್ಣೆ ಕಂಡು ಎಷ್ಟು ಕಾಲವಾಗಿತ್ತೋ, ಬಾಗಿಲವರೆಗೂ ಕಿರುಗುಟ್ಟುತ್ತ ಹೋಯಿತು.

*

ಸಂಜೆಗೆ ಮುಂಚೆ ಬಂದವರೆಲ್ಲ ಕರಗಿದರು. ಮುಂದಿನ ಕೋಣೆಯಲ್ಲಿ ಮಗಳು, ಕ್ಷೌರಿಕ, ಮೇಷ್ಟ್ರು ಉಳಿದಿದ್ದರು. ತಾನು ತೊಳೆಯುತ್ತೇನೆಂದು ಮಗಳು ಎದ್ದರೂ ಕೇಳದೆ ಅವಳು ಕಾಫಿಯ ಲೋಟಗಳನ್ನೆಲ್ಲ ಒಟ್ಟುಮಾಡಿಕೊಂಡು ಅಡುಗೆಮನೆಗೆ ಬಂದಳು. ಅವರ ಜತೆ ಕೂರುವುದಕ್ಕಿಂತ ಇದು ವಾಸಿ.

ಕ್ಷೌರಿಕ ಒಮ್ಮೆ ಬಾಗಿಲವರೆಗೆ ಬಂದ. "ಅತ್ತಿಗೆ, ನಾನು ಅಂದಿದ್ದು ತಮಾಷೆಗೆ."

"ಗೊತ್ತಾಯ್ತು."

"ಅವನು ನಿಜವಾಗ್ಲೂ ಹೇಳಿಬಿಡ್ತಾನೆ ಅಂತ..."

"ಆಮೇಲೆ ಗೊತ್ತಾಯ್ತಲ್ಲ ನಿಮಗೆ. ಗೊತ್ತಾದ ಮೇಲೂ ನಮ್ಮನೇಲಿ ಪ್ರತಿ ವರ್ಷ ಕಾಫಿ ಕುಡಿದ್ರಿ."

ಅವಳು ತಿರುಗಲಿಲ್ಲ. ಆಮೇಲೆ ಅವನ ಹೆಜ್ಜೆ ಹಿಂದಕ್ಕೆ ಹೋಯಿತು.

ಕೋಪವನ್ನು ಯಾರ ಮೇಲೆ ತೀರಿಸಿಕೊಳ್ಳುವುದು? ಬೂದಿಯ ಜತೆ ಜಗಳವಾಡಲು ಬರುವುದಿಲ್ಲ. ಬದುಕಿದ್ದಿದ್ದರೆ ಎದುರಿಗೆ ನಿಲ್ಲಿಸಿ ಕೇಳಬಹುದಿತ್ತು. ಅಕ್ಕ ಈಗ ಎಲ್ಲಿದ್ದಾಳೋ, ಇದ್ದಾಳೋ ಇಲ್ಲವೋ. ಲೋಟದ ತಳದ ಕಲೆಯನ್ನು ಅವಳು ಉಜ್ಜಿದಳು, ಮತ್ತೆ ಉಜ್ಜಿದಳು.

ಹೊರಗೆ ಯಾರೋ, ಮೇಷ್ಟ್ರೇ ಇರಬೇಕು, ತಡೆಯಲಾರದೆ ರೆಕಾರ್ಡು ಹಚ್ಚಿದ್ದರು. ತೀರ ಸಣ್ಣಗೆ. ಪಿಟೀಲು ಬಾಗಿಲ ಸಂದಿನಿಂದ ಬಂದು, ಒಲೆಯ ಪಕ್ಕದಲ್ಲಿ ಸುಳಿದಾಡಿತು. ಅವಳು ಅದಕ್ಕೆ ಗಮನ ಕೊಡಲಿಲ್ಲ. ಲೋಟಗಳನ್ನು ಒಂದೊಂದಾಗಿ ಬೋರಲು ಹಾಕಿದಳು. ತಟ್ಟೆಗಳಿಗೆ ಕೈ ಹಾಕಿದಳು. ಹೊರಗೆ ರೆಕಾರ್ಡು ಮುಗಿಯಿತು. ಮಾತೂ ನಿಂತಿತು. ಕುರ್ಚಿಯೊಂದು ಮೆಲ್ಲಗೆ, ಸದ್ದಾಗದಂತೆ, ಈ ಕಡೆಗೆ ತಿರುಗಿದ ಹಾಗಾಯಿತು.

ರೆಕಾರ್ಡು ನಿಂತಿದ್ದರೂ ಆ ಸ್ವರ ನಿಂತಿರಲಿಲ್ಲ. ತುಂಬ ಹೊತ್ತು ಒಂದೇ ಕಡೆ ನಿಂತು, ಮನಸ್ಸಿಲ್ಲದೆ ಕೆಳಗಿಳಿಯುವ ಆ ಜಾಗ ಇಲ್ಲೇ ಇತ್ತು, ತನ್ನ ಮೂಗಿನ ಹಿಂದೆ, ಗಂಟಲಿನಲ್ಲಿ.

ಅವಳು ಒದ್ದೆ ಅಂಗೈಯನ್ನು ಬಾಯಿಗೆ ಅಡ್ಡ ಒತ್ತಿ ಹಿಡಿದಳು. ನೀರು ಮಣಿಕಟ್ಟಿನಿಂದ ಮೊಣಕೈಗೆ, ಮೊಣಕೈಯಿಂದ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಕೈ ತೆಗೆಯದೆ ಹಾಗೇ ನಿಂತಳು. ಹೊರಗಿನವರು ಉಸಿರು ಬಿಗಿಹಿಡಿದು ಕಾಯುತ್ತಿದ್ದರು.