ಹುರಿದ ರವೆ

ತಪ್ಪು ಕೈಯದೋ ರವೆಯದೋ ಎಂದು ವಿಶ್ವಾರಾಧ್ಯನಿಗೆ ತಿಳಿಯಲಿಲ್ಲ. ಮೃದಂಗದ ಎಡಬದಿಗೆ ಮೆತ್ತಿದ್ದ ರವೆಯ ಬಿಲ್ಲೆ ನಾಲ್ಕು ಏಟಿಗೇ ಬಿರುಕು ಬಿಟ್ಟು ಪಂಚೆಯ ಮೇಲೆ ಉದುರಿತ್ತು. ಮತ್ತೆ ನೀರು ಚಿಮುಕಿಸಿ, ನಾದಿ, ತಟ್ಟಿ ಅಂಟಿಸಿದ. ಮತ್ತೆ ಉದುರಿತು. ರವೆ ನಿಲ್ಲದ ಎಡಬದಿಯಲ್ಲಿ ಗುಂಕಾರ ಹುಟ್ಟುವುದಿಲ್ಲ, ಖಾಲಿ ಡಬ್ಬ ಬಡಿದ ಸದ್ದು ಬರುತ್ತದೆ. ಒಂದು ಕಾಲಕ್ಕೆ ಮಾತಾಡುತ್ತಲೇ ಮಾಡಿ ಮುಗಿಸುತ್ತಿದ್ದ ಕೆಲಸ. ಇಷ್ಟೂ ಮರೆತುಹೋಗಿದ್ದರೆ ಇನ್ನು ಉಳಿದಿರುವುದಾದರೂ ಏನು?

ಭಾನುವಾರ ಮಧ್ಯಾಹ್ನ ಹೆಂಡತಿ ಶಿವಕುಮಾರಿ 'ಅಕ್ಕನ ಬಳಗ'ದ ಹೆಂಗಸರ ಜೊತೆ ವಚನ ಗಾಯನದ ಅಭ್ಯಾಸಕ್ಕೆ ಹೋಗುತ್ತಾಳೆ. ಅವೆನ್ಯೂ ರಸ್ತೆಯ ಅವನ ಲಗ್ನಪತ್ರಿಕೆ ಅಂಗಡಿಗೆ ಅಂದು ರಜ. ಹಾಗಾಗಿ ಚಾಮರಾಜಪೇಟೆಯ ಮನೆಯಲ್ಲಿ ಆ ಹೊತ್ತಿಗೆ ಅವನೊಬ್ಬನೇ. ಅಟ್ಟದ ಮೇಲಿದ್ದ ಮೃದಂಗವನ್ನು ಇಳಿಸಿ ಹೊಸ ಚರ್ಮ ಹಾಕಿಸಿ ತಂದಾಗ, "ಹಾಳಾಗ್ತಿತ್ತು, ಅದಕ್ಕೆ" ಎಂದಷ್ಟೇ ಅವಳಿಗೆ ಹೇಳಿದ್ದ. ನುಡಿಸುತ್ತೇನೆ ಎಂದಿರಲಿಲ್ಲ.

ಹೇಳುವುದಾದರೂ ಹೇಗೆ? ಮದುವೆಗೆ ಮುಂಚೆ, ಒಂದು ಗಣೇಶನ ಪೆಂಡಾಲಿನಲ್ಲಿ, ಹೆಸರಾದ ಗಾಯಕರೊಬ್ಬರು ಹಾಡು ನಿಲ್ಲಿಸಿ ಮೈಕಿನಲ್ಲೇ, "ತಮ್ಮಾ, ನಾನು ಹಾಡ್ತಿದೀನಿ, ನೀನು ಯಾಕಪ್ಪಾ ಅಟ್ಟಿಸ್ಕೊಂಡು ಬರ್ತಿದೀಯ?" ಎಂದಿದ್ದರು. ಜನ ನಕ್ಕಿದ್ದರು. ಅವರು ಹೇಳಿದ್ದು ನಿಜವಾಗಿತ್ತು. ಅವನ ಕೈ ಓಡುತ್ತಿತ್ತು, ಹಾಡುವವರನ್ನು ಬಿಟ್ಟು ಮುಂದೆ ಓಡುತ್ತಿತ್ತು. ಆಮೇಲೆ ಮೃದಂಗ ಅಟ್ಟ ಸೇರಿತು. ಶಿವಕುಮಾರಿ ಕಂಡದ್ದು ಗೋಣಿಚೀಲದೊಳಗಿನ ಮೃದಂಗವನ್ನು ಮಾತ್ರ.

ಬಾಗಿಲು ತೆರೆದ ಸದ್ದಾಯಿತು. ಅವಳು ಅಂದು ಬೇಗ ಬಂದುಬಿಟ್ಟಿದ್ದಳು.

"ಏನ್ರೀ ಇದು, ಮೈಯೆಲ್ಲಾ ರವೆ?"

ಬಚ್ಚಿಡಲು ಏನೂ ಉಳಿದಿರಲಿಲ್ಲ. "ಅಂಟ್ತಾನೇ ಇಲ್ಲ ಕಣೇ. ಹೋದ ವಾರ ಸರಿಯಾಗೇ ಇತ್ತು."

"ಯಾವ್ದು ತಗೊಂಡ್ರಿ? ಒಲೆ ಪಕ್ಕದ ಡಬ್ಬದ್ದಾ?" ಅವಳು ಬ್ಯಾಗನ್ನೂ ಕೆಳಗಿಡದೆ ನಗತೊಡಗಿದಳು. "ಅದು ಹುರಿದಿದ್ದು ರೀ! ಹುಳ ಬೀಳುತ್ತೆ ಅಂತ ನಿನ್ನೆ ತಾನೇ ಹುರಿದಿಟ್ಟೆ. ಉಪ್ಪಿಟ್ಟು ಉದುರುದುರಾಗ್ಲಿ ಅಂತಾನೇ ಹುರಿಯೋದು, ಅದೆಲ್ಲಾದ್ರೂ ಅಂಟುತ್ತಾ? ಅಂದ್ರೆ ಇಷ್ಟು ದಿನ ಪ್ಯಾಕೆಟಿನ ರವೆ ಖಾಲಿ ಮಾಡ್ತಿದ್ದಿದ್ದು ನೀವೇ. ನಾನು ಇಲಿ ಅನ್ಕೊಂಡಿದ್ದೆ."

"ಇಲಿ ಅಂತಾನೇ ಇಟ್ಕೋ."

ಅವಳು ಒಳಗೆ ಹೋಗಿ ಹೊಸ ಪ್ಯಾಕೆಟ್ ಒಡೆದು ಹಿಡಿ ಹಸಿ ರವೆ ತಂದುಕೊಟ್ಟಳು. ಅದು ಅಂಟಿತು. ಅವನು ಒಂದು ಸುತ್ತು ನುಡಿಸಿದ. ಅವಳು ಗೋಡೆಗೆ ಒರಗಿ ಕೇಳಿದಳು.

"ಶುಕ್ರವಾರ ಬಳಗದ ಕಾರ್ಯಕ್ರಮ. ನೀವೇ ಬಂದ್ಬಿಡಿ ರೀ," ಎಂದಳು. "ಮೊಬೈಲಲ್ಲಿ ಹಾಕ್ತಾರಲ್ಲ, ಆ ತಾಳ ನನ್ನ ಕೊಲ್ಲುತ್ತೆ. ಮೂರನೇ ಸಾಲಲ್ಲಿ ನಾನು ಉಸಿರು ತಗೊಳ್ಳೋಷ್ಟರಲ್ಲಿ ಅದು ಮುಂದೆ ಹೋಗಿರುತ್ತೆ. ಭಾಗೀರಥಮ್ಮನೋರು ಎಲ್ಲರ ಮುಂದೆ 'ಶಿವೂ, ತಾಳ, ತಾಳ' ಅಂತ ತೊಡೆ ತಟ್ತಾರೆ. ಇವತ್ತೂ ಅದಕ್ಕೇ ಎದ್ದು ಬಂದೆ. ಈ ಸಲಾನೂ ತಪ್ಪಿದ್ರೆ ಇನ್ನು ಒಬ್ಳೇ ಹಾಡಲ್ಲ. ಹಿಂದಿನ ಸಾಲಲ್ಲಿ ಗುಂಪಿನ ಜೊತೆ ಕೂತ್ಬಿಡ್ತೀನಿ."

"ನನ್ ಕೈ ಓಡುತ್ತೆ ಕಣೇ."

"ಓಡ್ಲಿ ಬಿಡಿ, ನಾನೂ ಹಿಂದೆ ಓಡ್ತೀನಿ."

ಅವಳು ನಕ್ಕಳು. ಅವನಿಗೆ ನಗು ಬರಲಿಲ್ಲ. ತನ್ನೊಬ್ಬನ ಮಾನ ಹೋಗುವುದಾದರೆ ಹೋಗಲಿ. ಅವಳನ್ನೂ ಹಿಂದಿನ ಸಾಲಿಗೆ ತಳ್ಳಿಬಿಟ್ಟರೆ?

ಶುಕ್ರವಾರ ಸಂಜೆ ಸಭಾಂಗಣದ ಬಾಗಿಲಲ್ಲೇ ಬಳಗದ ಹಿರಿಯರಾದ ಭಾಗೀರಥಮ್ಮ ಎದುರಾದರು. "ಬನ್ನಿ ವಿಶ್ವಾರಾಧ್ಯರೇ. ಮನೇಲಿ ಅವಳ ತಾಳಕ್ಕೆ ನೀವು ಕುಣೀತೀರ, ಇವತ್ತೊಂದಿನ ನಿಮ್ಮ ತಾಳಕ್ಕೆ ಅವಳು ಹಾಡ್ಲಿ." ಸುತ್ತಲಿದ್ದ ಹೆಂಗಸರು ನಕ್ಕರು. ಅವನು ಮೃದಂಗ ಹೊತ್ತು ವೇದಿಕೆಯತ್ತ ನಡೆದ.

ಶಿವಕುಮಾರಿ ಕಣ್ಣು ಮುಚ್ಚಿ ಶುರುಮಾಡಿದಳು. ಮೊದಲ ಸಾಲಿನಲ್ಲೇ ಅವನ ಬೆರಳುಗಳಿಗೆ ಹಳೆಯ ಆತುರ ಬಂತು. ಬೇರೆಯವರ ಜೊತೆ ನುಡಿಸುವಾಗ ಅವನು ಯಾವತ್ತೂ ತನ್ನ ಕೈಯನ್ನೇ ನೋಡಿಕೊಳ್ಳುತ್ತಿದ್ದ. ಈಗ ಅವಳನ್ನು ನೋಡಿದ. ಅಡುಗೆಮನೆಯಿಂದ, ಬಚ್ಚಲಿನಿಂದ, ಬಟ್ಟೆ ಒಣಹಾಕುವ ಮಹಡಿಯಿಂದ ಇಷ್ಟು ವರ್ಷ ಕೇಳಿದ ದನಿ. ಅದು ಎಲ್ಲಿ ಏರುತ್ತದೆ, ಎಲ್ಲಿ ದಣಿಯುತ್ತದೆ ಎಂಬುದು ತನಗೆ ಗೊತ್ತಿದೆಯೆಂದು ಅವನಿಗೇ ಗೊತ್ತಿರಲಿಲ್ಲ. ಕೈ ತಾನಾಗಿ ನಿಧಾನವಾಯಿತು.

ಮೂರನೇ ಸಾಲು ಬಂತು. ಅವಳ ಭುಜ ಮೇಲೆದ್ದಿತು, ಉಸಿರು ಸಾಲಲಿಲ್ಲ. ಏಟು ಬೀಳಬೇಕಾದ ಜಾಗ ಬಂದೇಬಿಟ್ಟಿತು. ಎದುರಿಗೆ ಭಾಗೀರಥಮ್ಮನ ಕೈ ತೊಡೆಯ ಮೇಲೆ ಇಳಿಯುತ್ತಿತ್ತು. ವಿಶ್ವಾರಾಧ್ಯ ಅಂಗೈಯನ್ನು ಚರ್ಮದ ಮೇಲೆ ಹಾಗೆಯೇ ಇಟ್ಟು ಸುಮ್ಮನಾದ. ಭಾಗೀರಥಮ್ಮನ ಕೈ ಕ್ಷಣಕಾಲ ಗಾಳಿಯಲ್ಲೇ ನಿಂತಿತು. ಶಿವಕುಮಾರಿಯ ಮುಂದಿನ ಪದ ಹೊರಬಂತು. ಅದರ ಜೊತೆಗೇ ಅವನ ಏಟು ಬಿತ್ತು, ಭಾಗೀರಥಮ್ಮನ ಕೈಯೂ ಬಿತ್ತು. ಹಾಡು ಮುಂದೆ ಸಾಗಿತು.

ಮುಗಿದ ಮೇಲೆ ಭಾಗೀರಥಮ್ಮ, "ಶಿವೂ, ಮುಂದಿನ ತಿಂಗಳೂ ನೀನೇ ಹಾಡ್ಬೇಕು" ಎಂದರು.

ಇಬ್ಬರೂ ನಡೆದೇ ಮನೆಗೆ ಹೊರಟರು. ಹೆಗಲಿಗೆ ಮೃದಂಗ ಭಾರವಾಗಿತ್ತು, ಹಿತವಾಗಿಯೂ ಇತ್ತು. ದಾರಿಬದಿಯ ಬುಟ್ಟಿಯಲ್ಲಿ ಉಳಿದಿದ್ದ ಮಲ್ಲಿಗೆಯನ್ನು ಚೌಕಾಸಿ ಮಾಡದೆ ಕೊಂಡು ಮುಡಿದಳು ಶಿವಕುಮಾರಿ.

"ನೋಡಿದ್ರಾ, ತಾಳ ಒಂಚೂರೂ ಆಚೀಚೆ ಆಗ್ಲಿಲ್ಲ. ಆ ಮೊಬೈಲ್‌ದೇ ತಪ್ಪು ಅಂತ ನಾನು ಮೊದ್ಲಿಂದ ಹೇಳ್ತಿದ್ದೆ, ಯಾರೂ ನಂಬ್ತಿರ್ಲಿಲ್ಲ."

"ಹೂಂ."

"ನಿಮ್ ಕೈನೂ ಎಲ್ಲೂ ಓಡ್ಲಿಲ್ಲ ಬಿಡಿ."

"ಇಲ್ಲ."

ಅವಳು ಮತ್ತೆ ಆ ಮೂರನೇ ಸಾಲನ್ನು ಗುನುಗುತ್ತಾ ಒಂದು ಹೆಜ್ಜೆ ಮುಂದೆ ನಡೆದಳು. ಅಲ್ಲಿ ತಾಳವನ್ನು ತಡೆದು ನಿನಗಾಗಿ ಕಾದಿದ್ದೆ ಎಂದು ವಿಶ್ವಾರಾಧ್ಯ ಅವಳಿಗೆ ಎಂದೂ ಹೇಳಲಿಲ್ಲ.